ಗಾಜು ನೋಡಿ ಹತ್ತಿರಿ

ಬೋಟಿನಕ್ಕ ತೀರಿಕೊಂಡ ಮೇಲೆ ಹೊನ್ನಾಳಿಯಲ್ಲಿ ಒಂದು ಸಂತಾಪ ಸಭೆ ನಡೆಯಿತು. ನಾಲ್ವರು ಮಾತಾಡಿದರು. ನಾಲ್ವರೂ ಸುಳ್ಳು ಹೇಳಿದರು. ಬೇಕೆಂದು ಹೇಳಿದ ಸುಳ್ಳಲ್ಲ, ಸತ್ತವರ ಬಗ್ಗೆ ದೊಡ್ಡದಾಗಿ ಏನಾದರೂ ಆಡಬೇಕೆಂಬ ಅವಸರದಲ್ಲಿ ಬಾಯಿಗೆ ಬಂದದ್ದು. ಒಬ್ಬರು, "ಗಂಡೆದೆಯ ಹೆಣ್ಣುಮಗಳು, ಹೊಳೆಗೆ ಹೆದರಿದವಳೇ ಅಲ್ಲ" ಅಂದರು. ಇನ್ನೊಬ್ಬರು, "ತುಂಬಿದ ಹೊಳೆಗೆ ಹಾರಿ ಎಷ್ಟೋ ಜೀವ ಉಳಿಸಿದಳು" ಅಂದರು. ಹಾರುವ ಮಾತೆಲ್ಲಿ ಬಂತು? ಆಕೆಗೆ ಈಜೇ ಬರುತ್ತಿರಲಿಲ್ಲ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಯಾರಾದರೂ ಆಧಾರವಿಲ್ಲದೆ ಮಾತಾಡಿದರೆ ನನ್ನ ಕೈ ತಾನಾಗಿ ಮೇಲೇಳುತ್ತದೆ. ಸಂತಾಪ ಸಭೆಯಲ್ಲಿ ಕೈ ಎತ್ತುವಂತಿಲ್ಲ. ಹಾಗಾಗಿ ಸುಮ್ಮನೆ ಕೂತು, ಮೌನ ಆಚರಿಸಿ, ಚಹಾ ಕುಡಿದು ಬಂದೆ. ಆದರೆ ಖಂಡನೆ ಬಾಕಿ ಉಳಿದಿದೆ. ನನ್ನ ವಾದ ಇಷ್ಟು: ಬೋಟಿನಕ್ಕ ಹೊಳೆಯಿಂದ ಯಾರನ್ನೂ ಎತ್ತಲಿಲ್ಲ, ಎತ್ತುವ ಪ್ರಸಂಗವೇ ಬರದ ಹಾಗೆ ನೋಡಿಕೊಂಡಳು. ಅದನ್ನು ಮಾಡಿದ್ದು ಧೈರ್ಯದಿಂದ ಅಲ್ಲ, ಹೆದರಿಕೆಯಿಂದ. ಈ ಮಾತು ಆಕೆಗೆ ಅವಮಾನ ಎಂದುಕೊಳ್ಳುವವರು ಆಕೆಯನ್ನು ಹತ್ತಿರದಿಂದ ನೋಡಿಲ್ಲ.

ಏಕವಚನದಲ್ಲಿ ಬರೆಯುತ್ತಿರುವುದಕ್ಕೆ ಯಾರೂ ಹುಬ್ಬು ಗಂಟಿಕ್ಕಬೇಕಿಲ್ಲ. ಬಹುವಚನ ಹಚ್ಚಿ ಕರೆದರೆ ಆಕೆ, "ಯಾರ್ನ ಕರೀತಿದೀಯಾ?" ಎಂದು ಹಿಂದೆ ತಿರುಗಿ ನೋಡುತ್ತಿದ್ದಳು.

ಹೊನ್ನಾಳಿಯಿಂದ ತುಸು ಕೆಳಕ್ಕೆ ತುಂಗಭದ್ರೆಗೆ ಒಂದು ದೋಣಿ ಕಡವು ಇದೆ. ಸೇತುವೆ ಸುತ್ತಿಕೊಂಡು ಬಸ್ಸಿನಲ್ಲಿ ಬರುವುದಕ್ಕಿಂತ ಅಲ್ಲಿ ಹೊಳೆ ದಾಟುವುದೇ ಆಚೆ ದಡದವರಿಗೆ ಸಲೀಸು. ಸಂತೆಗೆ ತರಕಾರಿ ತರುವವರು, ಆಸ್ಪತ್ರೆಗೆ ಹೋಗುವವರು, ನನ್ನಂಥ ಕಾಲೇಜಿನವರು ಎಲ್ಲರೂ ಒಂದು ಡೀಸೆಲ್ ಬೋಟಿನಲ್ಲಿ ದಾಟುತ್ತಿದ್ದೆವು. ಬೋಟು ಪಂಚಾಯಿತಿಯದು, ಅದನ್ನು ನಡೆಸುವ ಹಕ್ಕು ನಮ್ಮೂರ ಮಹಿಳಾ ಸಂಘದ್ದು. ಸಂಘದ ಹೆಂಗಸರಿಗೆ ಟಿಕೆಟು ಹರಿಯಲು, ಹಗ್ಗ ಕಟ್ಟಲು, ಕುಡಿದು ಬಂದವನನ್ನು ಇಳಿಸಲು ಬರುತ್ತಿತ್ತು. ಇಂಜಿನ್ ಮಾತ್ರ ಬರುತ್ತಿರಲಿಲ್ಲ. ಅದಕ್ಕೆಂದು ಅವರು ನ್ಯಾಮತಿಯಿಂದ ಕರೆಸಿಕೊಂಡವಳು ಈಕೆ. ಹಕ್ಕು ಕಾಯಂ ಅಲ್ಲ. ದಸರೆ ಕಳೆದ ಮೇಲೆ ಪಂಚಾಯಿತಿಯವರು ಪ್ರತಿ ವರ್ಷ ಹೊಸದಾಗಿ ತೀರ್ಮಾನ ಮಾಡುತ್ತಿದ್ದರು. ಆ ಹಕ್ಕಿನ ಮೇಲೆ ಒಬ್ಬ ಕಂಟ್ರಾಕ್ಟರ್ ಬಹಳ ದಿನದಿಂದ ಕಣ್ಣಿಟ್ಟಿದ್ದ. ಅದು ಕೈ ತಪ್ಪಿದರೆ ಸಂಘಕ್ಕೆ ಬೇರೆ ಕೆಲಸವಿರಲಿಲ್ಲ. ಬೋಟಿನಕ್ಕನಿಗೆ ಬೇರೆ ಬೋಟು ಇರಲಿಲ್ಲ.

ಆಕೆ ಹುಟ್ಟಿದ್ದು ಜಗಳೂರು ಕಡೆ. ಹೊಳೆಯ ಮೀನುಗಾರರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ.

"ಜಗಳೂರಿನಾಗೆ ಹೊಳೆ ಎಲ್ಲೈತಕ್ಕಾ? ನೀರಿನ ಟ್ಯಾಂಕರ್ ಒಳಗೆ ಬೋಟು ಓಡ್ಸಾಕೆ ಕಲ್ತ್ಯೇನು?"

"ಟ್ಯಾಂಕರ್ ಮುಂದೆ ಕೊಡ ಹಿಡ್ಕೊಂಡು ನಿಂತೋರಿಗೆ ಒಂದು ಹನಿ ನೀರು ಎಲ್ಲಿದ್ರೂ ಕಾಣ್ತೈತೆ ಕಣಪ್ಪ. ನಿಮಗೆ ಇಷ್ಟು ದೊಡ್ಡ ಹೊಳೆನೇ ಕಾಣಲ್ಲ."

ವಿನಯ ಎಂಬುದನ್ನು ಆಕೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದವಳು. ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು: "ನಮ್ಮ ಬ್ಯಾಚಿಗೆ ನಾನೊಬ್ಬಳೇ ಹುಡುಗಿ. ಹುಡುಗ್ರೆಲ್ಲ ನನ್ನ ನೋಡಾಕೆ ಕ್ಲಾಸಿಗೆ ಬರ್ತಿದ್ರು, ನಾನು ಇಂಜಿನ್ ನೋಡಾಕೆ ಹೋಗ್ತಿದ್ದೆ. ಅದಕ್ಕೇ ಅವರು ಫೇಲು, ನಾನು ಪಾಸು." ಮದುವೆಗೆ ಮುಂಚೆ ಚನ್ನಗಿರಿಯ ಒಂದು ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿ ದುಡಿದಿದ್ದಳು. ಮದುವೆಯಾಗಿ ಬಂದದ್ದು ನ್ಯಾಮತಿಗೆ, ಬಿಡಿಭಾಗದ ಅಂಗಡಿಯವನ ಮನೆಗೆ.

ನೋಡಲು ಗಿಡ್ಡ, ದಪ್ಪ, ಗಟ್ಟಿ. ಸೀರೆಯ ಮೇಲೆ ಕೇಸರಿ ಬಣ್ಣದ ಲೈಫ್ ಜಾಕೆಟ್. ಅದನ್ನು ಬೋಟಿನ ಮೇಲೆ ಹಾಕುವುದು ಸರಿ. ಈಕೆ ದಡದ ಮೇಲೆ ಕೂತು ರೊಟ್ಟಿ ತಿನ್ನುವಾಗಲೂ ಹಾಕಿಕೊಂಡೇ ಇರುತ್ತಿದ್ದಳು. "ಇಲ್ಲಿಗೆ ಹೊಳೆ ಹತ್ತಿ ಬರ್ತದೇನಕ್ಕಾ?" ಎಂದು ನಾನು ರೇಗಿಸಿದರೆ, "ಬಂದ್ರೆ ನಿನ್ನ ಹತ್ರ ಹೇಳಿ ಬರ್ತೈತೇನು?" ಅನ್ನುತ್ತಿದ್ದಳು. ನನಗೆ ಆಕೆ ಇಟ್ಟ ಹೆಸರು ವಕೀಲಮ್ಮ. ಬೆಳಿಗ್ಗೆ ನಾನು ಹಲಗೆ ಮೇಲೆ ಕಾಲಿಡುತ್ತಲೇ, "ಏನ್ ವಕೀಲಮ್ಮಾ, ಇವತ್ತು ಯಾವ ಕಡೆ? ಪರವೋ, ವಿರೋಧವೋ?" ಎಂದು ಇಂಜಿನ್ ಸದ್ದಿನ ಮೇಲೆ ಕೂಗುತ್ತಿದ್ದಳು.

ಈಗ ಫಿಲ್ಟರಿನ ವಿಷಯ. ಅದನ್ನು ಬಿಟ್ಟು ಬೋಟಿನಕ್ಕನ ಬಗ್ಗೆ ಬರೆಯುವುದು ಮೂಗು ಬಿಟ್ಟು ಮುಖ ಬರೆದ ಹಾಗೆ. ಡೀಸೆಲ್ ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ದಾರಿಯಲ್ಲಿ ಮಡಿಕೆ ಮಡಿಕೆಯಾದ ಕಾಗದದ ಒಂದು ಸೋಸು ಇರುತ್ತದೆ. ಅದೇ ಫಿಲ್ಟರ್. ಅದರ ಕೆಳಗೆ ಒಂದು ಗಾಜಿನ ಬಟ್ಟಲು. ಕಸ ಕಾಗದದಲ್ಲಿ ನಿಲ್ಲುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ಬಟ್ಟಲಿನ ತಳದಲ್ಲಿ ಕೂರುತ್ತದೆ. ಕಾಗದ ಕಟ್ಟಿಕೊಂಡರೆ ಇಂಜಿನ್ನಿಗೆ ಕುಡಿಯಲು ಸಿಗುವುದಿಲ್ಲ, ಕೆಮ್ಮಿ ನಿಲ್ಲುತ್ತದೆ. ರಸ್ತೆಯಲ್ಲಿ ಟ್ರ್ಯಾಕ್ಟರ್ ನಿಂತರೆ ಇಳಿದು ಬೀಡಿ ಹಚ್ಚಬಹುದು. ಹೊಳೆ ನಡುವೆ ಇಳಿಯಲು ಜಾಗವಿಲ್ಲ.

ಬೋಟಿಗೆ ಬಂದ ಹೊಸದರಲ್ಲಿ ಆಕೆ ಫಿಲ್ಟರನ್ನು ಅಮಾವಾಸ್ಯೆಗೆ ಬದಲಾಯಿಸುತ್ತಿದ್ದಳು. ಅಮಾವಾಸ್ಯೆ ದಿನ ಬೋಟು ಹೊಳೆಗೆ ಇಳಿಯುವುದಿಲ್ಲ, ಕೈ ಬಿಡುವು, ನೆನಪಿಡುವುದೂ ಸುಲಭ. ಒಂದು ಮಳೆಗಾಲದಲ್ಲಿ, ಅಮಾವಾಸ್ಯೆ ಇನ್ನೂ ದೂರವಿರುವಾಗಲೇ, ಫಿಲ್ಟರ್ ಕಟ್ಟಿಕೊಂಡು ಕೆಂಪು ನೀರಿನ ನಡುವೆ ಇಂಜಿನ್ ನಿಂತುಬಿಟ್ಟಿತು. ಸಂತಾಪ ಸಭೆಯವರು ಹೊಳೆಗೆ ಹಾರಿಸಿದ್ದು ಈ ಪ್ರಸಂಗದಲ್ಲೇ. ಬೋಟಿನಲ್ಲಿದ್ದ ಟೊಮೇಟೊ ಮಾರುವ ಹಾಲಮ್ಮ ನನಗೆ ಹೇಳಿದ್ದು ಬೇರೆ.

"ಬೋಟು ಎಲೆ ತೇಲಿದಂಗೆ ತೇಲ್ತು ನೋಡವ್ವ. ಮೀನು ಹಿಡಿಯೋರು ಈಜ್ಕೊಂಡು ಬಂದು ಹಗ್ಗ ಹಿಡಿದ್ರು, ಅದಕ್ಕೆ ಬದುಕಿದ್ವಿ. ನಿಮ್ಮಕ್ಕ ಏನ್ ಮಾಡಿದ್ಲು ಅಂತೀಯ? ಇಂಜಿನ್ ತಬ್ಕೊಂಡು ಯವ್ವಾ ಯವ್ವಾ ಅಂತ ಅತ್ಲು. ದಡ ಮುಟ್ಟಿದ ಮ್ಯಾಲೂ ಬಿಡ್ಲಿಲ್ಲ. ನಾವೇ ಒಂದೊಂದೇ ಬೆರಳು ಬಿಡಿಸಿದ್ವಿ."

ನನಗೆ ಆಕೆಯ ಬಗ್ಗೆ ಹೆಮ್ಮೆ ಶುರುವಾಗುವುದು ಇಲ್ಲಿಂದಲೇ. ಅಷ್ಟು ಹೆದರಿದವಳು ಮನೆಗೆ ಹೋಗಿ ಹೊದ್ದು ಮಲಗಲಿಲ್ಲ, ಕೆಲಸ ಬಿಡಲಿಲ್ಲ, ಹೊಳೆಗೆ ಹರಕೆಯನ್ನೂ ಹೊರಲಿಲ್ಲ. ಮರುದಿನ ಚನ್ನಗಿರಿ ಬಸ್ಸು ಹತ್ತಿದಳು. ತಾನು ಹಿಂದೆ ದುಡಿದ ಶೆಡ್ಡಿನ ಗುಜರಿ ಸಾಮಾನಿನಲ್ಲಿ ಕೈ ಹಾಕಿ, ಹಾಲು ಕರೆಯುವ ಯಂತ್ರದ ಹಳೆಯ ಮೀಟರೊಂದನ್ನು ಹುಡುಕಿ ತಂದಳು. ಯಂತ್ರ ಎಷ್ಟು ಜೋರಾಗಿ ಎಳೆಯುತ್ತಿದೆ ಎಂದು ತೋರಿಸುವ ಮೀಟರು. ಅದನ್ನು ಫಿಲ್ಟರಿಗೂ ಪಂಪಿಗೂ ನಡುವೆ ಕೂರಿಸಿದಳು. ಫಿಲ್ಟರ್ ಹಸನಾಗಿದ್ದರೆ ಪಂಪು ಸಲೀಸಾಗಿ ಡೀಸೆಲ್ ಎಳೆದುಕೊಳ್ಳುತ್ತದೆ, ಮುಳ್ಳು ಮಲಗಿರುತ್ತದೆ. ಕಟ್ಟಿಕೊಂಡಷ್ಟೂ ಎಳೆತ ಜೋರಾಗಿ ಮುಳ್ಳು ಏಳುತ್ತದೆ. ದಾಟಬಾರದ ಜಾಗಕ್ಕೆ ತಂಗಿಯ ಮಗಳ ಉಗುರುಬಣ್ಣದಿಂದ ಒಂದು ಕೆಂಪು ಗೆರೆ. ಅಂದಿಗೆ ಅಮಾವಾಸ್ಯೆಯ ಲೆಕ್ಕ ಮುಗಿಯಿತು.

"ನನ್ನ ಡೀಸೆಲ್ ಒಳಗೆ ಏನೈತೆ ಅಂತ ಚಂದ್ರನಿಗೇನು ಗೊತ್ತು?" ಅನ್ನುತ್ತಿದ್ದಳು. "ಫಿಲ್ಟರ್ ಹೆಂಗೈತೆ ಅಂತ ಫಿಲ್ಟರ್ನೇ ಕೇಳಬೇಕು."

ಇಷ್ಟಕ್ಕೇ ನಿಲ್ಲಿಸಿದ್ದರೆ ಆಕೆ ಒಬ್ಬ ಒಳ್ಳೆಯ ಮೆಕ್ಯಾನಿಕ್ ಎಂದು ಮುಗಿಸಬಹುದಿತ್ತು. ಆಕೆ ಇನ್ನೊಂದು ಪದ್ಧತಿ ಹುಟ್ಟಿಸಿದಳು. ಇಂಜಿನ್ ಚಾಲು ಮಾಡಿ, ಹತ್ತುವವರನ್ನು ಸಾಲಾಗಿ ಅದರ ಪಕ್ಕದಿಂದಲೇ ಹಾಯಿಸುತ್ತಿದ್ದಳು. ಒಬ್ಬೊಬ್ಬರೂ ಬಗ್ಗಿ ಗಾಜಿನ ಬಟ್ಟಲು ನೋಡಬೇಕು, ಮುಳ್ಳು ನೋಡಬೇಕು, ಆಮೇಲೆ ಹೋಗಿ ಕೂರಬೇಕು. "ಗಾಜು ನೋಡಿ ಹತ್ರಿ, ಗಾಜು ನೋಡಿ ಹತ್ರಿ!" ಎಂದು ಹೊನ್ನಾಳಿ ಬಸ್ ಸ್ಟ್ಯಾಂಡಿನ ಕಂಡಕ್ಟರನ ಹಾಗೆ ಕೂಗುತ್ತಿದ್ದಳು. ಯಾರಿಗೂ ವಿನಾಯಿತಿ ಇಲ್ಲ. ಒಮ್ಮೆ ಮದುವೆ ದಿಬ್ಬಣ ಬಂತು. ಮದುಮಗ ಬಗ್ಗಿದಾಗ ಬಾಸಿಂಗ ಡೀಸೆಲ್ ಪೈಪಿಗೆ ಸಿಕ್ಕಿಕೊಂಡಿತು. ಬೀಗರು ಸಿಟ್ಟಾದರು. "ಏನಮ್ಮಾ ಇದು, ಮದುಮಗನ್ನ ಇಂಜಿನ್ ಮುಂದೆ ಬಗ್ಗಿಸ್ತೀಯಾ?"

"ತಾಳಿ ಕಟ್ಟೋ ಮೊದ್ಲು ಹೊಳೆ ದಾಟಬೇಕಲ್ರೀ?" ಎಂದು ಬಾಸಿಂಗ ಬಿಡಿಸುತ್ತಾ ಅಂದಳು. ಮದುಮಗ ನೋಡಿಯೇ ಕೂತ.

ನನ್ನ ಜಗಳ ಶುರುವಾದದ್ದು ಈ ಪದ್ಧತಿಯ ಮೇಲೆಯೇ.

"ಅಕ್ಕಾ, ಇದು ನಾಟಕ. ಹಾಲಮ್ಮ ಬಗ್ಗಿ ನೋಡಿದರೆ ಆಕೆಗೆ ಏನು ಗೊತ್ತಾಗ್ತದೆ?"

"ಒಂದು ದಿನ ನೋಡಿದ್ರೆ ಗೊತ್ತಾಗಲ್ಲ. ದಿನಾ ನೋಡಿದ್ರೆ, ಬ್ಯಾರೆ ಥರ ಕಂಡ ದಿನ ಗೊತ್ತಾಗ್ತೈತೆ. ಅತ್ತೆ ಮುಖ ಓದಾಕೆ ಯಾರಾದ್ರೂ ಕಾಲೇಜಿಗೆ ಹೋಗ್ತಾರೇನು?"

"ನನಗೆ ಅತ್ತೆ ಇಲ್ಲ."

"ಬರ್ತಾಳೆ, ತಡಿ."

ಮತ್ತೊಂದು ದಿನ ನಾನು ಸರಿಯಾಗಿ ತಯಾರಾಗಿ ಹೋದೆ. "ಫಿಲ್ಟರ್ ನೋಡ್ತಿರೋದಕ್ಕೇ ಇಂಜಿನ್ ನಿಂತಿಲ್ಲ ಅಂತ ನೀನು ಹೇಳ್ತೀಯ. ನೋಡದಿದ್ದರೂ ನಿಲ್ಲುತ್ತಿರಲಿಲ್ಲವೇನೋ? ಒಂದು ತಿಂಗಳು ನೋಡದೆ ಓಡಿಸು. ಆಗ ಗೊತ್ತಾಗ್ತದೆ."

"ನಿನಗೆ ಈಜು ಬರ್ತೈತಾ?"

"ಹೂಂ."

"ಹಂಗಾರೆ ನಿನಗೆ ಪ್ರಯೋಗ ಮಾಡಾಕೆ ಬರ್ತೈತೆ. ನನಗೆ ಬರಲ್ಲ."

ನಾನು ಬಿಡಲಿಲ್ಲ. ಬೋಟಿನ ಮೂತಿಗೆ ಸಂಘದವರು ಒಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಅದನ್ನು ತೋರಿಸಿ ಕೇಳಿದೆ: "ಅದರಿಂದಲೇ ಬೋಟು ಸುಖವಾಗಿ ದಾಟುತ್ತಿದೆ ಅಂತ ಅವರು ಅಂತಾರೆ. ಫಿಲ್ಟರಿನಿಂದ ಅಂತ ನೀನು ಅಂತೀಯ. ಇಬ್ಬರ ಆಧಾರವೂ ಒಂದೇ, ಏನೂ ಆಗಿಲ್ಲ ಅನ್ನೋದು. ನಿನ್ನ ಫಿಲ್ಟರಿಗೂ ಆ ನಿಂಬೆಹಣ್ಣಿಗೂ ಏನು ವ್ಯತ್ಯಾಸ?"

ಆಕೆ ಎದ್ದು ಹೋಗಿ ಆಕ್ಸಾ ಬ್ಲೇಡು ತಂದಳು. ತೆಗೆದುಹಾಕಿದ್ದ ಹಳೆಯ ಫಿಲ್ಟರಿನ ತಗಡು ಕೊಯ್ದು, ಒಳಗಿನ ಕಾಗದ ಎಳೆದು, ಮಡಿಕೆ ಬಿಡಿಸಿ, ಕಡವಿನ ಮೆಟ್ಟಿಲ ಮೇಲೆ ಸಂಡಿಗೆ ಹರವಿದ ಹಾಗೆ ಹರವಿದಳು. ಕಂದು ತುಕ್ಕು, ಮರಳಿನ ಕಾಳು, ಕರಿ ಲೋಳೆ. "ಇದು ಕ್ಯಾನಿನ ತುಕ್ಕು. ಇದು ಟ್ಯಾಂಕಿನ ತಳದ್ದು. ಈ ಲೋಳೆ ಐತಲ್ಲ, ಡೀಸೆಲ್ ಒಳಗೆ ನೀರು ನಿಂತ್ರೆ ಬೆಳೀತೈತೆ. ಇಷ್ಟೂ ಇಂಜಿನ್ ಒಳಗೆ ಹೋಗ್ಬೇಕಿತ್ತು, ಹೋಗಿಲ್ಲ. ಈಗ ನಿನ್ನ ನಿಂಬೆಹಣ್ಣು ಕೊಯ್ದು ತೋರ್ಸು. ಏನು ಹಿಡಿದಿಟ್ಟೈತೆ ನೋಡಾನ."

ಮೆಟ್ಟಿಲ ಮೇಲೆ ನಿಂತಿದ್ದವರೆಲ್ಲ ನಕ್ಕರು. ಆ ಸುತ್ತು ಆಕೆಯದು. ನಾನು ಭಾಗವಹಿಸಿದ ಯಾವ ಸ್ಪರ್ಧೆಯಲ್ಲೂ ಪುರಾವೆಯನ್ನು ಹೀಗೆ ಬಿಸಿಲಿಗೆ ಒಣಗಹಾಕಿದವರನ್ನು ನಾನು ಕಂಡಿಲ್ಲ.

ಆದರೆ ಎಲ್ಲ ಸುತ್ತೂ ಆಕೆಯದಲ್ಲ. ಮೋಡ ಮುಚ್ಚಿದ ದಿನ ಬಟ್ಟಲೊಳಗೆ ನೀರಿದ್ದರೂ ಕಾಣುವುದಿಲ್ಲ, ಇಂಜಿನ್ ಹಿಂದಿನ ಕಪ್ಪಿನಲ್ಲಿ ಎಲ್ಲ ಒಂದೇ ಬಣ್ಣ ಎಂದು ನಾನು ಎತ್ತಿ ತೋರಿಸಿದೆ. "ಕಾಣದೇ ಇರೋದನ್ನ ಕಂಡೆ ಅಂತ ಜನರಿಂದ ಹೇಳಿಸಿದರೆ ಅದು ಸುಳ್ಳುಸಾಕ್ಷಿ" ಅಂದೆ. ಆಕೆ ಮುಖ ಊದಿಸಿಕೊಂಡಳು. ಮರುದಿನ ನೋಡಿದರೆ ಗಾಜಿನ ಹಿಂದೆ ಬಿಳಿ ಪ್ಲಾಸ್ಟಿಕ್ ಡಬ್ಬದ ಒಂದು ತುಂಡು ನಿಂತಿತ್ತು. ನೀರು, ಡೀಸೆಲ್, ಕಸ ಎಲ್ಲ ಬೇರೆ ಬೇರೆ ಕಾಣುತ್ತಿದ್ದವು. ಅದು ತನ್ನದೇ ಐಡಿಯಾ ಎಂದು ಹತ್ತಿದವರಿಗೆಲ್ಲ ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಆಕೆ ಕಣ್ಣು ಕೂಡ ಮಿಟುಕಿಸಲಿಲ್ಲ.

ಗಂಡನ ಅಂಗಡಿಗೂ ಇದೇ ನ್ಯಾಯ. ನ್ಯಾಮತಿಯ ಆ ಅಂಗಡಿಗೆ ಒಮ್ಮೆ ಆಕೆಯ ಜೊತೆ ಹೋಗಿದ್ದೆ. ಗಂಡ ಒಂದು ಹೊಸ ಫಿಲ್ಟರ್ ಎತ್ತಿ ಕೊಟ್ಟ. ಆಕೆ ಅದನ್ನು ಕೈಯಲ್ಲಿ ತೂಗಿ, ಮೂತಿಯಲ್ಲಿ ಕಣ್ಣಿಟ್ಟು ನೋಡಿ, ಗಿರಾಕಿಗಳ ಎದುರಿಗೇ ಮೇಜಿನ ಮೇಲಿಟ್ಟಳು.

"ಕಾಗದ ತೆಳ್ಳಗೈತೆ. ಇದು ಒರಿಜಿನಲ್ ಅಲ್ಲ."

"ಮೆಲ್ಲಕ್ಕೆ ಮಾತಾಡೇ, ಮಾರಾಯ್ತಿ. ಗಿರಾಕಿ ಐದಾರೆ."

"ಗಿರಾಕಿ ಇರೋದ್ಕೇ ಜೋರಾಗಿ ಹೇಳ್ತಿದೀನಿ. ಗಂಡ ಕೊಟ್ಟ ಅಂತ ಡೂಪ್ಲಿಕೇಟ್ ಹಾಕ್ಕೊಂಡು ಹೊಳೆಗೆ ಹೋಗ್ಲಾ?"

ಗಂಡ ತಲೆ ಕೆರೆದುಕೊಳ್ಳುತ್ತಾ ಒಳಗೆ ಹೋಗಿ ಬೇರೆಯದು ತಂದ. ಆದರೆ ಆಮೇಲೆ ಆ ಅಂಗಡಿಗೆ ಗಿರಾಕಿ ಹೆಚ್ಚಾದರೆಂದು ಅವನೇ ನನ್ನ ಹತ್ತಿರ ಹೇಳಿದ. "ಹೆಂಡ್ತಿ ಬೈದದ್ದು ಜಾಹೀರಾತು ಆತು ನೋಡಮ್ಮ" ಅಂದ.

ಇನ್ನು ಆ ದಸರೆ. ಕಂಟ್ರಾಕ್ಟರ್ ಆ ವರ್ಷ ಹೊಚ್ಚಹೊಸ ಬೋಟೊಂದನ್ನು ತಂದು ನಮ್ಮ ಕಡವಿನಲ್ಲೇ ಕಟ್ಟಿದ. ಅವನ ದೂರು ಒಂದೇ: ಹೆಂಗಸರು ಇಂಜಿನ್ನಿಗೆ ಜನರಿಂದ ಪ್ರದಕ್ಷಿಣೆ ಹಾಕಿಸಿ ಹೊತ್ತು ಕಳೆಯುತ್ತಾರೆ, ಹಕ್ಕು ತನಗೆ ಕೊಟ್ಟರೆ ಬಂದವರನ್ನು ಬಂದ ಹಾಗೆ ದಾಟಿಸುತ್ತೇನೆ. ಪಂಚಾಯಿತಿ ಅಧ್ಯಕ್ಷರು, "ಹಬ್ಬ ಮುಗೀಲಿ, ನಾನೇ ಬಂದು ಎರಡೂ ಬೋಟು ಹತ್ತಿ ನೋಡ್ತೀನಿ. ಅಲ್ಲೇ ತೀರ್ಮಾನ" ಅಂದರು. ಅಂದರೆ ಒಂದು ದಾಟಿನ ಮೇಲೆ ಸಂಘದ ಬದುಕು ನಿಂತಿತ್ತು. ಸಂಘದ ಪರವಾಗಿ ಮಾತಾಡಲು ನನ್ನನ್ನು ಒಪ್ಪಿಸಿದ್ದರು. ನಾನು ಪೀಠಿಕೆಯಿಂದ ಸಮಾರೋಪದವರೆಗೆ ಬಾಯಿಪಾಠ ಮಾಡಿಕೊಂಡಿದ್ದೆ.

ಹಬ್ಬಕ್ಕೆ ಬೋಟಿನಕ್ಕ ಜಗಳೂರಿಗೆ, ತವರಿಗೆ ಹೋಗಿದ್ದಳು. ಇತ್ತ ಸಂಘದ ಹೆಂಗಸರು ಆಯುಧ ಪೂಜೆಗೆ ಬೋಟಿನ ಸಾಮಾನನ್ನೆಲ್ಲ ದಡಕ್ಕಿಳಿಸಿ ತೊಳೆದರು. ಹಗ್ಗ, ಹಲಗೆ, ಪಾನಾ, ಕೊನೆಗೆ ಡೀಸೆಲ್ ತರುವ ಕ್ಯಾನುಗಳನ್ನೂ. ಹೊರಗಷ್ಟೇ ತೊಳೆದಿದ್ದರೆ ಚಿಂತೆ ಇರಲಿಲ್ಲ. ಒಳಗೂ ಹೊಳೆ ನೀರು ಹಾಕಿ ಗಲಬರಿಸಿದರು. ಅಧ್ಯಕ್ಷರು ಬರುವ ದಿನ ಟ್ಯಾಂಕು ತುಂಬಿರಲಿ ಎಂದು, ಒದ್ದೆ ಆರುವ ಮುಂಚೆ ಅದೇ ಕ್ಯಾನುಗಳಲ್ಲಿ ಡೀಸೆಲ್ ತಂದು ಸುರಿದರು. ಗಾಜಿನ ಬಟ್ಟಲಿಗೆ ಮೂರು ಪಟ್ಟೆ ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟರು. ಭಕ್ತಿಯಲ್ಲಿ ಕೊರತೆ ಇರಲಿಲ್ಲ. ನಮ್ಮ ಕಡೆ ಆಯುಧ ಪೂಜೆಗೆ ತೊಳೆಯದೆ ಬಿಡುವ ವಸ್ತು ಯಾವುದಿದೆ?

ತೀರ್ಮಾನದ ದಿನ ಬೆಳಿಗ್ಗೆ ಅಕ್ಕ ಬಂದಳು. ಸೆರಗಿನಿಂದ ವಿಭೂತಿ ಒರೆಸಿದಳು. ತಳದಲ್ಲಿ ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದ ಹಾಗೆ. ಇಂಜಿನ್ ಚಾಲು ಮಾಡಿದಳು. ಒದ್ದೆಯಾದ ಕಾಗದ ಕಟ್ಟಿಕೊಂಡಿತ್ತೆಂದು ಕಾಣುತ್ತದೆ, ಮುಳ್ಳು ಎದ್ದು ಉಗುರುಬಣ್ಣದ ಗೆರೆ ದಾಟಿತು. ಆಕೆ ಇಂಜಿನ್ ಆರಿಸಿದಳು.

ಅಷ್ಟರಲ್ಲಿ ಅಧ್ಯಕ್ಷರು ಬಿಳಿ ಪಂಚೆಯಲ್ಲಿ ಮೆಟ್ಟಿಲಿಳಿದು ಬಂದಾಗಿತ್ತು. ಸಂಘದ ಮುಂದಾಳು ಸರೋಜಕ್ಕ ಬೋಟಿನಕ್ಕನ ಕೈ ಹಿಡಿದು ಪಿಸುಗುಟ್ಟಿದಳು: "ಒಂದೇ ಒಂದು ದಾಟು ಅಕ್ಕಾ. ಆ ದಡ ಮುಟ್ಟಿ ಬಂದ್ರೆ ಆತು. ಆಮ್ಯಾಲೆ ಏನಾರ ಮಾಡ್ಕೋ."

"ಮುಟ್ಟಲಿಲ್ಲ ಅಂದ್ರೆ?"

"ಮುಟ್ತೈತೆ ಬಿಡು. ಇಷ್ಟು ದಿನ ಮುಟ್ಟಿಲ್ಲೇನು?"

ನಾನೂ ನನ್ನ ತಂತ್ರ ಹೇಳಿದೆ. "ಮೊದಲು ಕಂಟ್ರಾಕ್ಟರ್ ಬೋಟು ಹೋಗಿ ಬರಲಿ ಅನ್ನು. ಅಷ್ಟರಲ್ಲಿ ಸರಿ ಮಾಡಿಕೋ. ನೀರಿನ ಮಾತು ಎತ್ತಬೇಡ." ತನ್ನ ಸಡಿಲು ಜಾಗವನ್ನು ತಾನೇ ಎದುರಾಳಿಗೆ ತೋರಿಸಬಾರದು ಎಂಬುದು ಚರ್ಚೆಯ ಮೊದಲ ಪಾಠ.

ಅಕ್ಕ ನಮ್ಮಿಬ್ಬರನ್ನೂ ಸರಿಸಿ ಎದ್ದು ನಿಂತಳು. ಕಡವಿಗೆಲ್ಲ ಕೇಳುವ ಹಾಗೆ ಹೇಳಿದಳು: "ಸಾಹೇಬ್ರೇ, ನಮ್ಮ ಡೀಸೆಲ್ ಒಳಗೆ ನೀರು ಬಂದೈತೆ. ನಮ್ಮೋರೇ ಹಬ್ಬಕ್ಕೆ ಕ್ಯಾನು ತೊಳೆದು ಒಣಗಿಸಿಲ್ಲ. ಈಗ ಬೋಟು ಬಿಡಾಕೆ ಬರಲ್ಲ. ಬಿಚ್ಚಿ ಸರಿ ಮಾಡ್ತೀನಿ, ಕಾಯಬೇಕು."

ಸರೋಜಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಕಂಟ್ರಾಕ್ಟರನ ಮುಖ ಅರಳಿತು. "ನೋಡಿದ್ರಾ ಸಾರ್? ನಾನು ಬಾಯಿ ಬಿಡೋದೇ ಬ್ಯಾಡ, ಅವರೇ ಒಪ್ಕೊಂಡ್ರು. ಬರ್ರಿ, ನನ್ನ ಬೋಟು ರೆಡಿ ಐತೆ. ಎಲ್ಲಾರೂ ಬರ್ರಿ, ಇವತ್ತು ಟಿಕೆಟ್ ಇಲ್ಲ!"

ವಾದವಾಗಿ ನೋಡಿದರೆ ಆ ಗಳಿಗೆಯಲ್ಲಿ ಅವನದೇ ಮೇಲುಗೈ. ನಾನು ತೀರ್ಪುಗಾರಳಾಗಿದ್ದರೆ ಅವನಿಗೇ ಅಂಕ ಕೊಡುತ್ತಿದ್ದೆ. ಅಧ್ಯಕ್ಷರು ಹೋಗಿ ಹೊಸ ಬೋಟಿನ ಮುಂದಿನ ಸೀಟಿನಲ್ಲಿ ಕೂತರು. ಅವರ ಹಿಂದೆ ಹತ್ತಿದವಳು ಟೊಮೇಟೊ ಬುಟ್ಟಿಯ ಹಾಲಮ್ಮ. ಹತ್ತಿದವಳು ಸೀದಾ ಇಂಜಿನ್ ಹತ್ತಿರ ಹೋಗಿ, ಬುಟ್ಟಿ ಕೆಳಗಿಟ್ಟು, ಬಗ್ಗಿದಳು. ಇಂಜಿನ್ ಮೇಲೆ ಬಣ್ಣ ಹೊಡೆದ ತಗಡಿನ ಮುಚ್ಚಳ.

"ಗಾಜು ಎಲ್ಲೈತಪ್ಪ?"

"ಯಾವ ಗಾಜು?"

"ಡೀಸೆಲ್ ಕಾಣೋ ಗಾಜು."

"ಇದು ಹೊಸ ಇಂಜಿನ್ನು ಅಜ್ಜೀ. ಎಲ್ಲಾ ಒಳಗೈತೆ. ನೀನು ನೋಡೋ ಅಂಥದ್ದು ಏನಿಲ್ಲ, ಕೂತ್ಕೋ."

"ಒಳಗೆ ನೀರು ಬಂದ್ರೆ?"

"ಬರಲ್ಲ."

"ಬರಲ್ಲ ಅಂತ ಹೆಂಗೆ ಗೊತ್ತಾತು?"

ಕಂಟ್ರಾಕ್ಟರ್ ನಕ್ಕು ಅಧ್ಯಕ್ಷರ ಕಡೆ ನೋಡಿದ. ಹಾಲಮ್ಮ ನಗಲಿಲ್ಲ. ಬುಟ್ಟಿ ಮತ್ತೆ ತಲೆಗೇರಿಸಿಕೊಂಡಳು. "ಆ ಬೋಟಿನಾಗೆ ನೀರು ಐತೆ ಅಂತ ನನಗೆ ಗೊತ್ತು. ಇದ್ರಾಗೆ ಐತೋ ಇಲ್ಲೋ ನಿನಗೇ ಗೊತ್ತಿಲ್ಲ. ನಾ ಕಾಯ್ತೀನಪ್ಪ" ಎಂದು ಇಳಿದು ಬಂದು ಮೆಟ್ಟಿಲ ಮೇಲೆ ಕೂತಳು.

ಅವಳ ಹಿಂದೆ ಹತ್ತಲು ನಿಂತಿದ್ದವರು ಹಲಗೆಯ ಮೇಲೇ ತಡೆದರು. ಒಬ್ಬ ಬಗ್ಗಿ ತಗಡು ನೋಡಿ ಹಿಂದೆ ಸರಿದ. ಬಾಣಂತಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಒಬ್ಬರು, "ಮುಚ್ಚಳ ತೆಗೀರಿ, ನೋಡಿ ಹತ್ತೀವಿ" ಅಂದರು. ಮುಚ್ಚಳ ತೆಗೆದರೆ ಒಳಗೆ ತಗಡಿನ ಡಬ್ಬದಂಥ ಫಿಲ್ಟರ್, ಗಾಜೂ ಇಲ್ಲ, ಮೀಟರೂ ಇಲ್ಲ. "ಊಂ ಹೂಂ" ಎಂದು ಅವರೂ ಇಳಿದರು. ಆಮೇಲೆ ಎಲ್ಲರೂ ಬಂದು ಹಾಲಮ್ಮನ ಸುತ್ತ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ತೆಗೆದರು. ಯಾರೂ ಭಾಷಣ ಮಾಡಲಿಲ್ಲ. ಘೋಷಣೆ ಕೂಗಲಿಲ್ಲ. ನನ್ನ ಪೀಠಿಕೆ, ಸಮಾರೋಪ ಎರಡೂ ನನ್ನ ಬಾಯಲ್ಲೇ ಉಳಿದವು. ಅವುಗಳ ಅಗತ್ಯ ಯಾರಿಗೂ ಇರಲಿಲ್ಲ. ದೋಷ ಕಾಣುವ ಬೋಟನ್ನು ಬಿಟ್ಟು ದೋಷ ಕಾಣದ ಬೋಟು ಹತ್ತುವುದೇ ಬುದ್ಧಿವಂತಿಕೆ ಎಂದು ನಾನಾದರೆ ಒಂದು ಗಂಟೆ ವಾದಿಸುತ್ತಿದ್ದೆ. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಬಗ್ಗಿ ನೋಡಿದ ಆ ಜನಕ್ಕೆ, ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸ ಗೊತ್ತಿತ್ತು. ಅವರನ್ನು ಹಾಗೆ ತಯಾರು ಮಾಡಿದವಳು ಮಾತ್ರ ಆ ಹೊತ್ತಿಗೆ ಇಂಜಿನ್ ಕೆಳಗೆ ತಲೆ ಹಾಕಿ ಮಲಗಿದ್ದಳು. ದಡದಲ್ಲಿ ಏನಾಯಿತೆಂದು ತಿರುಗಿ ಕೂಡ ನೋಡಿರಲಿಲ್ಲ.

ಹೊಸ ಬೋಟಿನಲ್ಲಿ ಅಧ್ಯಕ್ಷರು ಒಬ್ಬರೇ ಉಳಿದರು. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿದರು. ಆಮೇಲೆ ಅವರೂ ಇಳಿದು ಬಂದರು.

"ಸಾರ್, ಅದು ಅವರ ತಲೆಹರಟೆ..." ಎಂದು ಕಂಟ್ರಾಕ್ಟರ್ ಹಿಂದೆಯೇ ಬಂದ.

"ಇರ್ಲಿ ಬಿಡಪ್ಪ," ಅಂದರು ಅಧ್ಯಕ್ಷರು. "ಜನ ಹತ್ತದ ಬೋಟಿಗೆ ಹಕ್ಕು ಬರ್ಕೊಟ್ಟು ನಾನೇನು ಮಾಡ್ಲಿ? ಸರೋಜಮ್ಮಾ, ಬೋಟು ನಿಮ್ಮ ಸಂಘದ ಹತ್ರನೇ ಇರ್ಲಿ. ಆದ್ರೆ ಮುಂದಿನ ಹಬ್ಬಕ್ಕೆ ಕ್ಯಾನು ತೊಳೀಬ್ಯಾಡ್ರಿ."

ಸರೋಜಕ್ಕ ಅಳುತ್ತಲೇ ನಕ್ಕಳು. ಅಕ್ಕನಿಗೆ ಸುದ್ದಿ ಹೇಳಲು ಓಡಿದೆ. ಆಕೆ ಟ್ಯಾಂಕಿನ ತಳದ ನೀರು ಬಸಿದು, ಮೀನುಗಾರರ ಒಣ ಕ್ಯಾನಿನಿಂದ ಡೀಸೆಲ್ ಹಾಕಿ, ಹೊಸ ಫಿಲ್ಟರ್ ಕೂರಿಸಿ, ಗಾಳಿ ಹೊರಹಾಕಲು ಕೈಪಂಪು ಒತ್ತುತ್ತಿದ್ದಳು. "ಗೆದ್ವಿ ಅಕ್ಕಾ!" ಅಂದೆ. "ತಡಿ, ಇನ್ನೂ ಗುಳ್ಳೆ ಬರ್ತಾವೆ" ಅಂದಳು. ಗುಳ್ಳೆ ನಿಂತ ಮೇಲೆ ತಿರುಪು ಬಿಗಿದು, ಇಂಜಿನ್ ಚಾಲು ಮಾಡಿ, ಮುಳ್ಳು ಮಲಗಿದ್ದನ್ನು ನೋಡಿದಳು. ಆಮೇಲೇ ನನ್ನ ಕಡೆ ತಿರುಗಿದ್ದು. "ಏನಂದೆ? ಗೆದ್ವಾ? ಗೆಲ್ದೆ ಇರ್ತೀವೇನು? ಇಂಜಿನ್ ಯಾರದು!" ಎಂದು ಎದೆ ಉಬ್ಬಿಸಿದಳು.

ಮುಂದೆ ಕೆಲವು ವರ್ಷ ಆಕೆ ಬೋಟು ನಡೆಸಿದಳು, ಸಂಘದ ಇಬ್ಬರಿಗೆ ಇಂಜಿನ್ ಕಲಿಸಿದಳು. ಮೊಣಕಾಲು ನೋವಿಗೆ ಕೆಲಸ ಬಿಟ್ಟು, ಕೊನೆಗೆ ಜಗಳೂರಿನ ತವರಿನಲ್ಲೇ ಕಣ್ಣು ಮುಚ್ಚಿದಳು. ಹೊಳೆಯಲ್ಲಿ ಅಲ್ಲ, ಹಾಸಿಗೆಯಲ್ಲಿ. ಹೊಳೆಗೆ ಅಷ್ಟು ಹೆದರಿದವಳಿಗೆ ಅದಕ್ಕಿಂತ ದೊಡ್ಡ ಗೆಲುವು ಇಲ್ಲವೆಂದು ನಾನು ಯಾವ ಸಭೆಯಲ್ಲಿ ಬೇಕಾದರೂ ವಾದಿಸುತ್ತೇನೆ.

ಆದರೆ ಆ ದಿನದ ದಾಟು ಇನ್ನೂ ಬಾಕಿ ಇತ್ತು. ಹತ್ತುವವರ ಸಾಲಿನ ಮುಂದೆ ಈಗ ಪಂಚಾಯಿತಿ ಅಧ್ಯಕ್ಷರೇ ನಿಂತಿದ್ದರು. ಇಂಜಿನ್ ಹತ್ತಿರ ಬಂದು ಒಂದು ಗಳಿಗೆ ಅನುಮಾನಿಸಿದರು. ಅಕ್ಕ ಮಸಿ ಕೈಯನ್ನು ಸೊಂಟದ ಮೇಲಿಟ್ಟು ನೋಡುತ್ತಾ ನಿಂತಳು. ಅವರು ಪಂಚೆ ಒಂದು ಕೈಯಲ್ಲಿ ಎತ್ತಿ ಹಿಡಿದು ಬಗ್ಗಿದರು.

"ಏನ್ ಕಾಣ್ತೈತ್ರೀ?"

"ಏನಿಲ್ಲಮ್ಮ."

"ನೀರು?"

"ಇಲ್ಲ."

"ಕಸ?"

"ಇಲ್ಲಮ್ಮ, ಏನೂ ಇಲ್ಲ."

"ಜೋರಾಗಿ ಹೇಳ್ರಿ, ಹಿಂದಿನೋರಿಗೆ ಕೇಳಂಗಿಲ್ಲ!"

ಪಂಚಾಯಿತಿ ಅಧ್ಯಕ್ಷರು, ಬಗ್ಗಿದ ತಲೆಯನ್ನು ಹಾಗೇ ಇಟ್ಟುಕೊಂಡು, ಚುನಾವಣೆಯ ಗಂಟಲಿನಲ್ಲಿ ಕೂಗಿದರು: "ಏನೂ ಇಲ್ಲ!"

ಅಕ್ಕ ಹಗ್ಗ ಬಿಚ್ಚಿಸಿದಳು.